ಕೇರಿಯಿಲ್ಲದ ಕಸುಬು

ಸಂಘಗಳ ವಿಷಯದಲ್ಲಿ ನಮ್ಮ ಕೋಲಾರ ಜಿಲ್ಲೆ ಎಂದೂ ಬಡತನವನ್ನು ಕಂಡದ್ದಿಲ್ಲ. ಮಳೆ ಕೈಕೊಟ್ಟ ವರ್ಷಗಳುಂಟು, ಕೆರೆಗಳು ಬಾಯಿಬಿಟ್ಟ ಬೇಸಗೆಗಳುಂಟು; ಚಿನ್ನದ ಗಣಿಯೂ 2001ರಲ್ಲಿ ಮುಚ್ಚಿಹೋಯಿತು. ಆದರೆ ಒಮ್ಮೆ ಹುಟ್ಟಿದ ಸಂಘ ಮುಚ್ಚಿದ್ದನ್ನು ನಾನು ಕಾಣೆ. ಬೀದಿಗೊಂದು ಗಣೇಶೋತ್ಸವದ ಸಂಘ, ಕಾಲೇಜಿಗೊಂದು ಹಳೆಯ ವಿದ್ಯಾರ್ಥಿಗಳ ಸಂಘ, ಆ ಸಂಘದಲ್ಲಿ ಖಜಾಂಚಿಯ ಸ್ಥಾನಕ್ಕಾಗಿ ಮನಸ್ತಾಪ ಬಂದರೆ ಅದರ ಹೊಟ್ಟೆಯಿಂದ ಇನ್ನೊಂದು. ಮೊದಲು ರಸೀತಿ ಪುಸ್ತಕ, ಆಮೇಲೆ ಬ್ಯಾನರು, ಆಮೇಲೆ ಶಾಲು ಮತ್ತು ಹೂಮಾಲೆ. ಕೊನೆಗೆ, ಸಮಯ ಉಳಿದರೆ, ಉದ್ದೇಶ. ಇದರಿಂದಾಗಿ ಸಂಘ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಂಥ ಸಂಬಳದ ಗೃಹಸ್ಥರ ಕೈ ತಾನಾಗಿಯೇ ಜೇಬಿನ ಮೇಲೆ ಹೋಗುತ್ತದೆ.

ಒಂದು ಅಪವಾದವನ್ನು ಹೇಳದಿದ್ದರೆ ಅನ್ಯಾಯವಾದೀತು. ಹಳ್ಳಿಗಳ ಹಾಲು ಉತ್ಪಾದಕರ ಸಂಘ ಬೇರೆಯೇ ಜಾತಿಯದು. ಬೆಳಗಿನ ಜಾವದಲ್ಲಿ ಹೆಂಗಸರೂ ಗಂಡಸರೂ ಪಾತ್ರೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲನ್ನೂ ಅಳೆದು, ಅದರಲ್ಲಿ ಕೊಬ್ಬು ಎಷ್ಟೆಂದು ನೋಡಿ, ಬರೆದುಕೊಳ್ಳುತ್ತಾರೆ. ಸಾಲಿನಲ್ಲಿ ನಿಂತವರಿಗೆಲ್ಲ ಎಲ್ಲರ ಲೆಕ್ಕವೂ ಗೊತ್ತು. ನೀರು ಬೆರೆಸುವ ಆಸೆ ಯಾರಿಗೂ ಬರುವುದಿಲ್ಲವೆಂದು ನಾನು ಹೇಳಲಾರೆ. ನೆರೆಯವರ ಎದುರಿಗೆ ಸಿಕ್ಕಿಬೀಳುವ ಧೈರ್ಯ ಮಾತ್ರ ಬರುವುದಿಲ್ಲ.

ನಾನೂ ಒಂದು ಸಂಘದವನೇ. ಅಧ್ಯಾಪಕರ ಸಂಘಕ್ಕೆ ಸೇರಿ ಹದಿನೈದು ವರ್ಷಗಳ ಮೇಲಾಯಿತು. ವರ್ಷಕ್ಕೊಂದು ದಿನಚರಿ ಪುಸ್ತಕ ಬರುತ್ತದೆ. ವಾರ್ಷಿಕ ಸಭೆಯ ಛಾಯಾಚಿತ್ರದಲ್ಲಿ, ಮುಂದೆ ನಿಂತ ಸನ್ಮಾನಿತರ ಮೈಸೂರು ಪೇಟದ ಹಿಂದಿನಿಂದ, ನನ್ನ ಮುಖದ ಅರ್ಧಭಾಗ ಕಾಣುತ್ತದೆ. ಸಂಬಳ ತಡವಾದಾಗ ಹತ್ತು ಜನ ಒಟ್ಟಿಗೆ ಹೋದರೆ ಕಚೇರಿಯವರು ಕುರ್ಚಿಯಿಂದ ಏಳುತ್ತಾರೆ, ಒಬ್ಬನೇ ಹೋದರೆ ತಲೆಯನ್ನೂ ಎತ್ತುವುದಿಲ್ಲ ಎಂಬುದನ್ನು ಕಲಿತದ್ದೂ ಅಲ್ಲಿಯೇ. ಇಷ್ಟು ಲಾಭ.

ಹೀಗಿರುವಾಗ ಹೋದ ವರ್ಷ ನನ್ನ ಹಳೆಯ ಶಿಷ್ಯನೊಬ್ಬ ಒಂದು ಅರ್ಜಿಯನ್ನು ಹಿಡಿದುಕೊಂಡು ಮನೆಗೆ ಬಂದ. ಪಿ.ಯು.ಸಿ.ಯಲ್ಲಿ ನನ್ನಿಂದ ಕನ್ನಡ ಹೇಳಿಸಿಕೊಂಡವನು. ನಾನು ಹಳಗನ್ನಡ ಪದ್ಯಕ್ಕೆ ಅರ್ಥ ಹೇಳುತ್ತಿದ್ದರೆ ಅವನು ಪುಸ್ತಕದ ಅಂಚಿನಲ್ಲಿ ಕಂಬ, ಕಮಾನು, ಮೆಟ್ಟಿಲುಗಳನ್ನು ಬರೆಯುತ್ತಿದ್ದ. ಆ ಅಂಚೇ ಅವನ ಬಾಳಾಯಿತು. ಬೆಂಗಳೂರಿನಲ್ಲಿ ಐದು ವರ್ಷ ಬಿ.ಆರ್ಕ್. ಓದಿ, ಅಲ್ಲಿಯೇ ದೊಡ್ಡ ಕಚೇರಿಯೊಂದರಲ್ಲಿ ಕೆಲಕಾಲ ದುಡಿದು, ತಂದೆಗೆ ಕಣ್ಣು ಮಂಜಾದ ಮೇಲೆ ಊರಿನ ಕಡೆಗೆ ಬಂದಿದ್ದ. ತಂದೆಯದು ಶ್ರೀನಿವಾಸಪುರದ ಕಡೆ ಮಾವಿನ ತೋಪು. ಇವನು ಕೋಲಾರದ ಬಸ್ ನಿಲ್ದಾಣದ ಹತ್ತಿರ ಔಷಧಿ ಅಂಗಡಿಯೊಂದರ ಮೇಲಿನ ಕೊಠಡಿಯನ್ನು ಬಾಡಿಗೆಗೆ ಹಿಡಿದು, ಬಾಗಿಲಿಗೆ 'ಆರ್ಕಿಟೆಕ್ಟ್' ಎಂಬ ಹಲಗೆಯನ್ನು ಹಾಕಿಕೊಂಡಿದ್ದ. ನಮ್ಮ ಊರಿನಲ್ಲಿ ಯಾವ ಕಾಗದವನ್ನು ತುಂಬಬೇಕಾದರೂ ಕನ್ನಡ ಮೇಷ್ಟ್ರು ಬೇಕು, ಅದು ಇಂಗ್ಲಿಷಿನ ಕಾಗದವಾದರೂ.

"ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಅಂತ ಸಾರ್. ಬೆಂಗಳೂರಿನಲ್ಲಿ ನಮ್ಮ ಹಿರಿಯರೊಬ್ಬರು ಸೇರು ಸೇರು ಅಂತಿದಾರೆ. ಇದಕ್ಕೆ ದುಡ್ಡು ಕಟ್ಟಿದರೆ ನನಗೇನು ಬಂತು?"

ಸೇರಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಕಡ್ಡಾಯವಾದದ್ದು ಬೇರೆ: 1972ರ ಆರ್ಕಿಟೆಕ್ಟ್‌ಗಳ ಅಧಿನಿಯಮದ ಪ್ರಕಾರ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸದೆ ಯಾರೂ ತನ್ನನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಅದನ್ನು ಇವನು ಎಂದೋ ಮಾಡಿಸಿದ್ದ. ಈ ಇನ್‌ಸ್ಟಿಟ್ಯೂಟು ಮನಸ್ಸಿದ್ದವರು ಸೇರತಕ್ಕದ್ದು. ಸೇರಿದರೆ ಹೆಸರಿನ ಮುಂದೆ ಕೆಲವು ಅಕ್ಷರಗಳು, ಪತ್ರಿಕೆ, ಉಪನ್ಯಾಸಗಳು, ಸಮ್ಮೇಳನಗಳು, ಚುನಾವಣೆಯಲ್ಲಿ ಮತ. ಇವು ಯಾವುವೂ ಬೇಡವೆನ್ನುವಂಥವಲ್ಲ. ಆದರೆ ಔಷಧಿ ಅಂಗಡಿಯ ಮೇಲಿನ ಕೊಠಡಿಗೆ ಗಿರಾಕಿಯನ್ನು ಮೆಟ್ಟಿಲು ಹತ್ತಿಸುವಂಥವೂ ಅಲ್ಲ.

ಗಿರಾಕಿಯ ಕಷ್ಟವನ್ನು ನಾನೂ ಬಲ್ಲೆ. ಮನೆ ಕಟ್ಟಿ ನೋಡು ಎಂದ ಹಿರಿಯರು, ಮನೆ ಬರೆಸಿ ನೋಡು ಎಂದು ಹೇಳಲಿಲ್ಲ. ನಮ್ಮ ಊರಿನಲ್ಲಿ ಮನೆ ಕಟ್ಟಲು ಹೊರಟವನಿಗೆ ಸಲಹೆಗಾರರು ಐವರು: ಮೇಸ್ತ್ರಿ, ನಗರಸಭೆಯಲ್ಲಿ ಪ್ಲಾನು ಮಂಜೂರು ಮಾಡಿಸಿಕೊಡುವವರು, ಎಂಜಿನಿಯರು, ವಾಸ್ತು ನೋಡುವವರು, ಮತ್ತು ಬೆಂಗಳೂರಿನಲ್ಲಿ ಆಗಲೇ ಒಂದು ಮನೆ ಕಟ್ಟಿಸಿ ಪಾರಾಗಿರುವ ಹೆಂಡತಿಯ ಅಣ್ಣ. ಐವರಲ್ಲಿ ಕೊನೆಯವರ ಮಾತೇ ಬಹುಮಟ್ಟಿಗೆ ನಡೆಯುವುದು. ಇವರ ನಡುವೆ ಆರನೆಯವನಾಗಿ ನನ್ನ ಶಿಷ್ಯ ಹೋಗಿ, ಪಡುವಣ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಗಾಳಿ ಎತ್ತ ಕಡೆಯಿಂದ ಬರುತ್ತದೆ, ಮನೆಯ ಅಜ್ಜಿ ರಾತ್ರಿ ಬಚ್ಚಲಿಗೆ ಹೋಗಬೇಕಾದರೆ ಎಷ್ಟು ಮೆಟ್ಟಿಲು ಇಳಿಯಬೇಕು ಎಂದು ಕೇಳುತ್ತಾನೆ. "ಅದೆಲ್ಲ ಇರಲಿ, ಅಡಿಗೆಮನೆ ಆಗ್ನೇಯಕ್ಕೆ ಬಂತೋ ಇಲ್ಲವೋ ಹೇಳಪ್ಪ" ಎನ್ನುತ್ತಾರೆ. ಕೊನೆಗೆ ಹಣದ ಮಾತು. ನೆಲಕ್ಕೆ ಹಾಸುವ ಕಲ್ಲಿಗೆ, ಮುಂಬಾಗಿಲಿನ ತೇಗಕ್ಕೆ ಲಕ್ಷಗಟ್ಟಲೆ ಸುರಿಯುವವರು ಇವನ ಬಿಲ್ಲನ್ನು ನೋಡಿ, "ಬರೀ ಗೀಟಿಗೆ ಇಷ್ಟು ದುಡ್ಡೆ?" ಎಂದು ಬೆರಗಾಗುತ್ತಾರೆ.

ಕಾನೂನಾದರೂ ಕೈಹಿಡಿದೀತೇ ಎಂದರೆ, ಅದರ ಕೈ ಅಷ್ಟು ಉದ್ದವಿಲ್ಲ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಅಧಿನಿಯಮದ ಅರ್ಥವನ್ನು ಬಿಡಿಸಿ ಹೇಳಿತು: ಆರ್ಕಿಟೆಕ್ಟ್ ಎಂಬ ಹೆಸರನ್ನು ಇಟ್ಟುಕೊಳ್ಳಬೇಕಾದರೆ ನೋಂದಣಿ ಬೇಕು, ಕಟ್ಟಡವನ್ನು ರೂಪಿಸುವ ಕೆಲಸವನ್ನು ಮಾಡುವುದಕ್ಕೆ ಆ ಅಧಿನಿಯಮದ ಅಡ್ಡಿಯಿಲ್ಲ. ಹೆಸರಿಗೆ ಬೇಲಿ ಉಂಟು, ಹೊಲಕ್ಕೆ ಇಲ್ಲ.

ಅವನ ಪ್ರಶ್ನೆಗೆ ಒಡನೆ ಉತ್ತರ ಕೊಡಲು ನನಗೆ ತೋಚಲಿಲ್ಲ. ಆ ಭಾನುವಾರ ನಮ್ಮ ವಿದ್ಯಾರ್ಥಿಗಳನ್ನು ಕುರುಡುಮಲೆಗೆ ಕರೆದುಕೊಂಡು ಹೋಗುವುದಿತ್ತು. "ನೀನೂ ಬಾ, ಹುಡುಗರಿಗೆ ಕಲ್ಲಿನ ವಿಷಯ ಹೇಳುವೆಯಂತೆ" ಎಂದೆ. ಮೂಡಲ ಬಾಗಿಲು ಎಂಬುದೇ ಸವೆದು ಮುಳಬಾಗಿಲಾಯಿತೆಂದೂ, ಡಿ.ವಿ.ಜಿ.ಯವರು ಹುಟ್ಟಿದ ಊರು ಅದೆಂದೂ ಬಸ್ಸಿನಲ್ಲಿ ನಾನು ನನ್ನ ಪಾಠವನ್ನು ಒಪ್ಪಿಸಿದೆ. ಅಲ್ಲಿಂದ ಮುಂದೆ, ಊರಾಚೆಯ ಗುಡ್ಡಗಳ ನಡುವೆ ಕುರುಡುಮಲೆ. ಹದಿಮೂರೂವರೆ ಅಡಿಯ ಏಕಶಿಲೆಯ ಗಣಪತಿಯ ಮುಂದೆ ಹುಡುಗರು ಪರೀಕ್ಷೆಯ ಹರಕೆಗಳನ್ನು ಹೊತ್ತು ಮುಗಿಸಿದ ಮೇಲೆ ಸೋಮೇಶ್ವರ ದೇವಾಲಯಕ್ಕೆ ಹೋದೆವು. ಇದರ ಒಂದು ಪಾಲು ಜಕಣಾಚಾರಿಯದು, ಇನ್ನೊಂದು ಪಾಲು ಮಗ ಡಂಕಣನದು ಎಂದು ಊರವರು ಹೇಳುತ್ತಾರೆ. ಎರಡು ಕಡೆಯ ಕೆಲಸದಲ್ಲಿ ವ್ಯತ್ಯಾಸವನ್ನು ಬೆರಳಿಟ್ಟು ತೋರಿಸಿಯೂ ಕೊಡುತ್ತಾರೆ.

ಜಕಣನ ಕಥೆಯನ್ನು ಕನ್ನಡಿಗರಿಗೆ ಹೇಳಬೇಕಾದದ್ದಿಲ್ಲ. ಬೇಲೂರಿನಲ್ಲಿ ವಿಗ್ರಹ ಸಿದ್ಧವಾಗಿ ಪ್ರತಿಷ್ಠೆಯ ಮುಹೂರ್ತ ಬಂದಾಗ ಯಾರೋ ಗುರುತಿಲ್ಲದ ಹುಡುಗ ಕಲ್ಲಿನಲ್ಲಿ ದೋಷವಿದೆಯೆಂದ. ಇದ್ದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುತ್ತೇನೆಂದು ಜಕಣ ಪಂತ ಹಾಕಿದ. ಹೊಟ್ಟೆಯ ಭಾಗದಿಂದ ಕಪ್ಪೆ ಹೊರಬಿತ್ತು, ಕೈ ಹೋಯಿತು. ಹುಡುಗ ಮಗನೆಂದು ಆಮೇಲೆ ತಿಳಿಯಿತು. ಬೇಲೂರಿನ ಶಿಲ್ಪಿಗಳ ಸಹಿಗಳಲ್ಲಿ ಬಳ್ಳಿಗಾವೆಯ ದಾಸೋಜನಿದ್ದಾನೆ, ಅವನ ಮಗ ಚಾವಣನಿದ್ದಾನೆ. ಜಕಣಾಚಾರಿಯೆಂಬವನು ಇಲ್ಲ ಎಂದು ವಿದ್ವಾಂಸರು ಹೇಳುತ್ತಾರೆ. ಇಲ್ಲದಿದ್ದರೇನಂತೆ, ಕಥೆ ಇದೆಯಲ್ಲ.

ಹುಡುಗರೆಲ್ಲ ಕಪ್ಪೆಯ ವಿಷಯಕ್ಕೆ ನಕ್ಕರು. ನನ್ನ ಶಿಷ್ಯ ಮಾತ್ರ ಕಂಬಕ್ಕೆ ಒರಗಿ ನಿಂತಿದ್ದವನು, "ಉಳಿ ಹಾಕುವುದಕ್ಕೆ ಮುಂಚೆ ಯಾರಿಗಾದರೂ ಕಲ್ಲು ತೋರಿಸಿದ್ದರೆ ಕೈ ಉಳೀತಿತ್ತಲ್ಲ ಸಾರ್" ಎಂದ.

ನನಗೆ ಈ ಮಾತು ಹಿಡಿಸಿತು. ಇಷ್ಟು ಸಲ ಕಥೆ ಹೇಳಿಯೂ ಹಾಗೆ ಕೇಳಿದವರನ್ನು ನಾನು ಕಂಡಿರಲಿಲ್ಲ. ನಾವು ಅದನ್ನು ಮಗನ ಜಾಣತನದ ಕಥೆಯೆಂದೋ ತಂದೆಯ ಸತ್ಯಸಂಧತೆಯ ಕಥೆಯೆಂದೋ ಓದಿಸುತ್ತೇವೆ. ಜೊತೆಗಾರರಿಲ್ಲದ ದೊಡ್ಡ ಕೆಲಸಗಾರನೊಬ್ಬನ ಕಥೆಯೆಂದೂ ಅದನ್ನು ಓದಬಹುದು. ಅವನಿಗಿಂತ ಕೆಳಗಿನವರು ನೂರಾರು ಜನ ಇದ್ದರು, ಅವನನ್ನು ಹೊಗಳುವವರು ಅದಕ್ಕೂ ಹೆಚ್ಚು. ಸರಿಸಮನಾಗಿ ನಿಂತು ಕಲ್ಲನ್ನು ತಟ್ಟಿ ನೋಡಿ, "ಇದು ಬೇಡ ಮಾರಾಯ" ಎನ್ನುವವನೊಬ್ಬನಿರಲಿಲ್ಲ.

ನಿಜವಾದ ಶಿಲ್ಪಿಗಳು ಹಾಗೆ ಒಂಟಿಯಾಗಿರಲಿಲ್ಲ. ಅವರ ಹೆಸರುಗಳನ್ನೇ ನೋಡಿ: ದಾಸೋಜ, ಬೈಚೋಜ. ಈ 'ಓಜ' ಎಂಬುದು ಉಪಾಧ್ಯಾಯ ಎಂಬ ಸಂಸ್ಕೃತ ಶಬ್ದ ಸವೆದು ಆದದ್ದು. ಆಚಾರಿ ಎಂಬುದೂ ಆಚಾರ್ಯನೇ. ಎಂದರೆ ಕಲ್ಲು ಕೆತ್ತುವವರೆಲ್ಲ ನಮ್ಮ ಅಧ್ಯಾಪಕರ ಸಂಘದವರೇ ಎಂದು ನಾನು ಹುಡುಗರಿಗೆ ಹೇಳಿದೆ. ಮಯಮತ, ಮಾನಸಾರಗಳಲ್ಲಿ ಕಟ್ಟುವವರನ್ನು ನಾಲ್ಕು ಬಗೆಯಾಗಿ ಹೇಳಿದೆ: ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ. ಒಬ್ಬನು ಎಲ್ಲವನ್ನೂ ಯೋಚಿಸುವವನು, ಒಬ್ಬನು ನೂಲು ಹಿಡಿಯುವವನು, ಒಬ್ಬನು ಜೋಡಿಸುವವನು, ಒಬ್ಬನು ಕೆತ್ತುವವನು. ನಾಲ್ವರೂ ಒಂದೇ ಚಪ್ಪರದ ಕೆಳಗಿನವರು. 1246ರ ನುಗ್ಗೇಹಳ್ಳಿಯ ದೇವಾಲಯದಲ್ಲಿ ಒಂದು ಬದಿಯ ಶಿಲ್ಪಗಳನ್ನು ಮಲ್ಲಿತಮ್ಮ ಮಾಡಿದ, ಇನ್ನೊಂದು ಬದಿಯನ್ನು ನಂದಿಯ ಬೈಚೋಜ ಮಾಡಿದ. ನಂದಿ ಎಂಬ ಹೆಸರು ಕಂಡೊಡನೆ ಕೋಲಾರದ ಕಡೆಯವನಾದ ನನ್ನ ಕಿವಿ ನೆಟ್ಟಗಾಗುವುದು ಸಹಜ. ಇಬ್ಬರೂ ತಮ್ಮ ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಗುಡಿಯ ಆಚೆಯ ಬದಿಯಲ್ಲಿ ಅಂಥ ಇನ್ನೊಬ್ಬ ಉಳಿ ಹಿಡಿದಿದ್ದಾನೆಂದು ಗೊತ್ತಿರುವಾಗ ಈಚೆಯ ಬದಿಯಲ್ಲಿ ಕೆಲಸ ಹೇಗೆ ನಡೆದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಹಳೆಯ ಕಾಲದ ಮಾತಾಯಿತು ಎನ್ನುವವರು ಒಮ್ಮೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿಬರಬೇಕು. ಮಾಲೂರು ಎಂದರೆ ರೈಲಿನಲ್ಲಿ ಹೋಗುವವರಿಗೆ ಇಟ್ಟಿಗೆ ಹೆಂಚುಗಳ ಊರು, ನಮಗೆ ಮಾಸ್ತಿಯವರ ತಾಲ್ಲೂಕು. ಶಿವಾರಪಟ್ಟಣ ಅಲ್ಲಿಯ ಶಿಲ್ಪಿಗಳ ಗ್ರಾಮ. ಕಾಲೇಜಿಗೆ ಒಂದು ಸರಸ್ವತಿಯ ವಿಗ್ರಹ ಬೇಕಾಗಿದ್ದು, ಅದನ್ನು ಗೊತ್ತುಮಾಡಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಶಿಷ್ಯನನ್ನು ಅಲ್ಲಿಗೂ ಜೊತೆಗೆ ಕರೆದುಕೊಂಡು ಹೋದೆ. ಬೀದಿಯ ಎರಡು ಪಕ್ಕದಲ್ಲಿಯೂ ಮನೆಯ ಮುಂದೆಯೇ ಕೆಲಸ. ಗಿಡಗಳ ಎಲೆಯ ಮೇಲೆಲ್ಲ ಕಲ್ಲಿನ ಹುಡಿ. ಉಳಿಯ ಸದ್ದಿನ ಜೊತೆಗೆ ಈಗ ಕಲ್ಲು ಕೊಯ್ಯುವ ಯಂತ್ರದ ಕಿರುಚಾಟವೂ ಸೇರಿದೆ. ಅರ್ಧ ಮುಗಿದ ದೇವರುಗಳು ಅಂಗಳದಲ್ಲಿ ಒರಗಿಕೊಂಡು ತಮ್ಮ ಸರದಿಗೆ ಕಾಯುತ್ತವೆ.

ಒಂದು ಅಂಗಳದಲ್ಲಿ ನಡುವಯಸ್ಸಿನ ಶಿಲ್ಪಿಯೊಬ್ಬರು ವಿಷ್ಣುವಿನ ಮುಖವನ್ನು ತಿದ್ದುತ್ತಿದ್ದರು. ಮುಖದ ಉದ್ದವೇ ಒಂದು ತಾಳ, ಆ ಅಳತೆಯಲ್ಲಿ ಉಳಿದ ಮೈಯೆಲ್ಲ ಎಂದು ನಮಗೆ ವಿವರಿಸುತ್ತಿದ್ದರು. ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದು ಬೀದಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ನಿಂತರು. ಕಣ್ಣು ಕಿರಿದುಮಾಡಿ ನೋಡಿ, "ಎಡಗಿವಿ ಒಂದು ನೂಲು ಕೆಳಗೆ" ಎಂದು ಹೇಳಿ ತಮ್ಮ ಪಾಡಿಗೆ ನಡೆದರು. ಶಿಲ್ಪಿ ಅಳತೆಯ ಕಡ್ಡಿಯನ್ನು ಇಟ್ಟು ನೋಡಿದರು. ಏನೂ ಹೇಳದೆ ಕಾವಿಯಲ್ಲಿ ಒಂದು ಗೆರೆ ಎಳೆದುಕೊಂಡರು.

"ನಿಮ್ಮ ಗುರುಗಳೆ?" ಎಂದು ಕೇಳಿದೆ.

"ಗುರುಗಳು ಎಲ್ಲಿ ಬಂತು ಸ್ವಾಮಿ! ಆ ಮೂರನೇ ಮನೆಯವರು. ನಿವೇಶನದ ವ್ಯಾಜ್ಯ ನಡೀತಿದೆ, ಅವರಿಗೂ ನಮಗೂ ಮೂರು ವರ್ಷದಿಂದ ಮಾತಿಲ್ಲ. ಕಲ್ಲಿನ ವಿಷಯ ಬೇರೆ."

ಹಿಂದಿರುಗುವ ದಾರಿಯಲ್ಲಿ ನನ್ನ ಶಿಷ್ಯನಿಗೆ ಉತ್ತರ ಕೊಟ್ಟೆ. ನೀನು ಕೇಳಿದ್ದಕ್ಕೆ ಜವಾಬು ಆ ಮುದುಕರ ಬಾಯಲ್ಲಿ ಬಂತಲ್ಲಪ್ಪ ಎಂದೆ. ಹಳೆಯ ಕಸುಬುಗಳಿಗೆಲ್ಲ ಒಂದೊಂದು ಕೇರಿ ಇತ್ತು: ಕುಂಬಾರಗೇರಿ, ನೇಕಾರರ ಬೀದಿ, ಗಾಣಿಗರ ಕೇರಿ. ಕೇರಿಯೆಂದರೆ ಮನೆಗಳ ಸಾಲು ಮಾತ್ರವಲ್ಲ. ಒಳ್ಳೆಯ ಕಲ್ಲು ಯಾವ ಗುಡ್ಡದಲ್ಲಿ ಸಿಕ್ಕಿತೆಂಬ ಸುದ್ದಿ ಕೇರಿಗೆ ಬರುತ್ತಿತ್ತು. ಯಾವ ಧಣಿ ಕೆಲಸ ಮಾಡಿಸಿಕೊಂಡು ಹಣ ಕೊಡುವುದಿಲ್ಲವೆಂಬುದೂ ಅಲ್ಲಿ ತಿಳಿಯುತ್ತಿತ್ತು. ಉಳಿ ಮುರಿದರೆ ಪಕ್ಕದ ಮನೆಯದು ಸಿಗುತ್ತಿತ್ತು. ಕೂಲಿಯನ್ನು ಒಬ್ಬನು ತೀರ ಇಳಿಸಿದರೆ ಉಳಿದವರು ಸಂಜೆಗೆ ಅವನ ಜಗಲಿಯ ಮೇಲೆ ಹೋಗಿ ಕೂರುತ್ತಿದ್ದರು. ನಿನಗೆ ಓದು ಉಂಟು, ಮೊಹರು ಉಂಟು, ಕೇರಿ ಇಲ್ಲ. ಕೆಳಗಡೆ ಔಷಧಿ ಮಾರುವವನು ನಿನ್ನ ನಕ್ಷೆಯನ್ನು ನೋಡಿ ಎಡಗಿವಿ ಕೆಳಗಿದೆ ಎನ್ನಲಾರ. ಐದು ವರ್ಷ ಓದಿ ಬಂದವನಿಗೆ ದೂರದಲ್ಲಾದರೂ ಒಂದು ಕೇರಿಯನ್ನು ಕಟ್ಟಿಕೊಡುವುದು ಸಂಘದ ಕೆಲಸ. ಅದನ್ನು ಮಾಡದಿದ್ದರೆ ಆ ಪತ್ರಿಕೆಯನ್ನೂ ಅಕ್ಷರಗಳನ್ನೂ ಇಟ್ಟುಕೊಂಡು ಏನು ಮಾಡುತ್ತೀಯೆ?

ಕೇರಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಹೊರಗಿನವನಿಗೆ ಅದರೊಳಗೆ ದಾರಿಯಿರಲಿಲ್ಲ. ಒಳಗೆ ಹುಟ್ಟಿದವನಿಗೆ ಹೊರಗೆ ದಾರಿಯಿರಲಿಲ್ಲ. ಅದು ಹಾಕಿದ ಬಹಿಷ್ಕಾರವೂ ಕಲ್ಲಿನಷ್ಟೇ ಗಟ್ಟಿ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇವಾಲಯದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಇಂದು ನಾವು ವಿರೂಪಾಕ್ಷ ಎನ್ನುವ ಗುಡಿ ಅದೇ. ಅವನಿಗೆ ತ್ರಿಭುವನಾಚಾರ್ಯನೆಂಬ ಬಿರುದು ಬಂದದ್ದನ್ನು ಅಲ್ಲಿಯ ಶಾಸನ ಹೇಳುತ್ತದೆ. ಅದರ ಜೊತೆಗೇ ಆ ನಾಡಿನ ಕುಶಲಿಗರ ಮೇಲಿದ್ದ ಬಹಿಷ್ಕಾರ ತೊಲಗಿದ ಸಂಗತಿಯೂ ಬರುತ್ತದೆ. ಬಿರುದಿಗಿಂತ ಈ ಎರಡನೆಯ ಮಾತನ್ನು ಓದಿದಾಗ ನನ್ನ ಮನಸ್ಸು ಹೆಚ್ಚು ತಡೆಯುತ್ತದೆ. ತನ್ನ ಕೆಲಸ ಗೆದ್ದ ದಿನ ತನ್ನವರ ಕಟ್ಟು ಬಿಡಿಸಿದ ಲೆಕ್ಕವನ್ನೂ ಗುಡಿಯ ಬಾಗಿಲಿನಲ್ಲಿಯೇ ಬರೆಸಿರುವ ಕಾಲ ಅದು.

ಇಂದಿನ ಸಂಘಕ್ಕೆ ಹುಟ್ಟಿನ ಬಾಗಿಲಿಲ್ಲ, ಓದಿನ ಬಾಗಿಲು ಮಾತ್ರ. ಅದು ಪ್ರಾರಂಭವಾದ ಬಗೆಯೂ ನನಗೆ ಹಿಡಿಸಿತು. 1917ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿ ಹೊರಬಂದ ಹುಡುಗರು ಸೇರಿಕೊಂಡು ಒಂದು ವಿದ್ಯಾರ್ಥಿ ಸಂಘವನ್ನು ಕಟ್ಟಿದರು. ಗೇಟ್‌ವೇ ಆಫ್ ಇಂಡಿಯಾದ ನಕ್ಷೆ ಬರೆದ ಜಾರ್ಜ್ ವಿಟ್ಟೆಟ್ ಅವರ ಮುಂದಾಳು. 1922ರಲ್ಲಿ ಅದಕ್ಕೆ ಮುಂಬಯಿಯ ಹೆಸರು ಬಂತು, 1929ರಲ್ಲಿ ಇಡೀ ದೇಶದ ಹೆಸರು. ಇವರ ಕಸುಬಿಗೆ ಕಾನೂನು ಬಂದದ್ದು 1972ರಲ್ಲಿ ಎಂದು ಆಗಲೇ ಹೇಳಿದೆನಷ್ಟೆ. ಸರ್ಕಾರ ಗುರುತಿಸುವುದಕ್ಕೆ ಅರ್ಧ ಶತಮಾನಕ್ಕೂ ಮುಂಚೆ ಇವರು ಒಬ್ಬರನ್ನೊಬ್ಬರು ಗುರುತಿಸಿಕೊಂಡಿದ್ದರು. ಬರಹಗಾರರಷ್ಟು ಒಂಟಿ ಕೆಲಸಗಾರರು ಇನ್ನಾರೂ ಇರಲಾರರು. ಆದರೂ 1915ರಲ್ಲಿ ನಮ್ಮವರು ಸಾಹಿತ್ಯ ಪರಿಷತ್ತನ್ನು ಕಟ್ಟಿಕೊಂಡರು. ನಮ್ಮ ಮಾಸ್ತಿಯವರು 1929ರಲ್ಲಿ ಬೆಳಗಾವಿಯ ಸಮ್ಮೇಳನಕ್ಕೂ, ಡಿ.ವಿ.ಜಿ.ಯವರು 1932ರಲ್ಲಿ ಮಡಿಕೇರಿಯ ಸಮ್ಮೇಳನಕ್ಕೂ ಅಧ್ಯಕ್ಷರಾದರು.

ಶಿಷ್ಯ ಅರ್ಜಿಯನ್ನು ತುಂಬಿದ. ಆದರೆ ಹಣ ಕಟ್ಟಲಿಲ್ಲ. ಕೊಠಡಿಯ ಬಾಡಿಗೆ ಬಾಕಿ ಇತ್ತು. ಬೆಂಗಳೂರಿನ ಹಿರಿಯರು, ಪರವಾಗಿಲ್ಲ, ಸಭೆಗೆ ಅತಿಥಿಯಾಗಿ ಬಾ ಎಂದರಂತೆ. ಎರಡು ಸಲ ಹೋಗಿಬಂದ. ಇಷ್ಟರಲ್ಲಿ ಶ್ರೀನಿವಾಸಪುರದ ಪ್ರಸಂಗ ನಡೆಯಿತು.

ಅಲ್ಲಿ ಮಾವಿನ ಮಂಡಿಯ ಯಜಮಾನರೊಬ್ಬರು ಕಲ್ಯಾಣ ಮಂಟಪವನ್ನು ಕಟ್ಟಿಸಲು ಹೊರಟಿದ್ದರು. ನಕ್ಷೆಯನ್ನು ಬೇರೆ ಯಾರೋ ಬರೆದಾಗಿತ್ತು. ಸಾಲ ಕೊಡುವವರು ನೋಂದಾಯಿತ ಆರ್ಕಿಟೆಕ್ಟಿನ ಮೊಹರು ಬೇಕೆಂದರಂತೆ. ಯಜಮಾನರು ಸುರುಳಿಯನ್ನೂ ಒಂದು ಲಕೋಟೆಯನ್ನೂ ಹಿಡಿದು ಔಷಧಿ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. "ಒಂದು ಸಹಿ, ಒಂದು ಸೀಲು. ನಿಮ್ಮ ತಂದೆಯ ತೋಪಿನ ಕಾಯಿ ಇಪ್ಪತ್ತು ವರ್ಷದಿಂದ ನಮ್ಮ ಮಂಡಿಗೇ ಬರ್ತಿರೋದು. ಮನೆ ಹುಡುಗ ಅಂತ ನಿನ್ನ ಹತ್ರ ಬಂದೆ" ಎಂದರು. ಲಕೋಟೆಯಲ್ಲಿದ್ದದ್ದು ಅವನ ಆರು ತಿಂಗಳ ಬಾಡಿಗೆಗೂ ಮಿಕ್ಕು.

ಹುಡುಗ ಸುರುಳಿಯನ್ನು ಬಿಡಿಸಿ ನೋಡಿದ. ಊಟದ ಹಾಲು ನೆಲಮಾಳಿಗೆಯಲ್ಲಿ. ನೂರಾರು ಎಲೆ ಒಟ್ಟಿಗೆ ಬೀಳುವ ಜಾಗ. ಮೇಲಕ್ಕೆ ಬರಲು ಒಂದೇ ಮೆಟ್ಟಿಲ ಸಾಲು. ಆ ಸಾಲಿನ ಬುಡದಲ್ಲಿಯೇ ಅನಿಲದ ಒಲೆಗಳ ಅಡಿಗೆಮನೆ. ಇನ್ನೊಂದು ಮೆಟ್ಟಿಲನ್ನು ಆಚೆ ಕಡೆಯಿಂದ ಕೊಡೋಣ ಎಂದ. ಅಲ್ಲಿ ಎರಡು ಅಂಗಡಿ ಬಾಡಿಗೆಗೆ ಹೋಗುತ್ತೆ, ಆಗುವುದಿಲ್ಲ ಎಂದರು. ಎರಡು ದಿನ ಬಿಟ್ಟು ಬರುತ್ತೇನೆಂದು ಲಕೋಟೆಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು.

ಆ ರಾತ್ರಿ ಅವನು ಬೆಂಗಳೂರಿನ ಹಿರಿಯರಿಗೆ ದೂರವಾಣಿ ಮಾಡಿದ. ಅವರು ಹೇಳಿದ್ದನ್ನು ಮಾರನೆಯ ದಿನ ನನಗೆ ಬಂದು ಹೇಳಿದ. "ನಾನು ಮಾಡೋಲ್ಲ ಅಂತ ಹೇಳಬೇಡ, ನಮ್ಮಲ್ಲಿ ಹಾಗೆ ಮಾಡೋ ಹಾಗಿಲ್ಲ ಅಂತ ಹೇಳು" ಎಂದರಂತೆ. 1989ರಲ್ಲಿ ಬಂದ ವೃತ್ತಿ ನಡವಳಿಕೆಯ ನಿಯಮಗಳಲ್ಲಿ ಇಂಥವಕ್ಕೆಲ್ಲ ದಾರಿ ಹೇಳಿದೆ: ತನ್ನ ಹೆಸರಿನಲ್ಲಿ ಇನ್ನೊಬ್ಬರಿಗೆ ಕಸುಬು ನಡೆಸಲು ಬಿಡಬಾರದು, ಗುತ್ತಿಗೆದಾರರಿಂದಲೂ ಸಾಮಾನು ಮಾರುವವರಿಂದಲೂ ಕಮಿಷನ್ ತೆಗೆದುಕೊಳ್ಳಬಾರದು, ಇನ್ನೊಬ್ಬ ಆರ್ಕಿಟೆಕ್ಟ್ ಹಿಡಿದ ಕೆಲಸವನ್ನು ಅವನಿಗೆ ತಿಳಿಸದೆ ಎತ್ತಿಕೊಳ್ಳಬಾರದು. ಆ ಪುಟವನ್ನು ಅಚ್ಚು ತೆಗೆದು ಮೇಜಿನ ಮೇಲೆ ಇಟ್ಟುಕೋ ಎಂದೂ ಹೇಳಿದ್ದರು.

ನಾನು ವ್ಯಾಕರಣದ ಮೇಷ್ಟ್ರು; ಈ ಮಾತಿನ ಬೆಲೆ ನನಗೆ ಬೇಗ ತಿಳಿಯಿತು. ಉತ್ತಮ ಪುರುಷದ ಏಕವಚನಕ್ಕೂ ಬಹುವಚನಕ್ಕೂ ಎಷ್ಟು ಅಂತರವೆಂಬುದನ್ನು ತರಗತಿಯಲ್ಲಿ ಇಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿರಲಿಲ್ಲ. ನಮ್ಮಂಥ ಸಣ್ಣ ಊರಿನಲ್ಲಿ "ನಾನು ಒಲ್ಲೆ" ಎಂದರೆ ಅದು ಅಹಂಕಾರ. ತಂದೆಯ ಮುಖವನ್ನು ನೋಡದ ಕೃತಘ್ನತೆ. ನಾಲ್ಕು ಅಕ್ಷರ ಕಲಿತ ಕೊಬ್ಬು. "ನಮ್ಮಲ್ಲಿ ಹಾಗಿಲ್ಲ" ಎಂದರೆ ಎದುರಿನವನಿಗೂ ಒಂದು ಮಾನದ ದಾರಿ ಉಳಿಯುತ್ತದೆ. ಅವರ ಮಂಡಿಯಲ್ಲಿಯೂ "ನಮ್ಮಲ್ಲಿ ಹಾಗಿಲ್ಲ" ಎನ್ನುವ ಕಟ್ಟುಗಳು ಇದ್ದೇ ಇರುತ್ತವೆ.

ಯಜಮಾನರು ಬಂದರು. ಹುಡುಗ ಅಚ್ಚಾದ ಪುಟವನ್ನು ತೋರಿಸಿ, ಲಕೋಟೆಯನ್ನು ಎರಡು ಕೈಯಿಂದ ಹಿಂದಿರುಗಿಸಿದ. ಅವರು ಕೂಗಾಡಲಿಲ್ಲ. "ನಿಮ್ಮ ಸಂಘದೋರು ನಿನಗೆ ಊಟಕ್ಕೆ ಹಾಕ್ತಾರೇನೋ" ಎಂದು ಕೇಳಿ ಇಳಿದುಹೋದರು.

ಆ ಪ್ರಶ್ನೆ ನ್ಯಾಯವಾದದ್ದೇ. ಸಂಘದವರು ಊಟಕ್ಕೆ ಹಾಕಲಿಲ್ಲ. ಆ ವರ್ಷ ತಂದೆಯ ತೋಪಿನ ಕಾಯಿ ಬೇರೆ ಮಂಡಿಗೆ ಕಡಿಮೆ ಬೆಲೆಗೆ ಹೋಯಿತು. ತಂದೆ ಮಗನ ಹತ್ತಿರ ಒಂದು ತಿಂಗಳು ಸರಿಯಾಗಿ ಮಾತನಾಡಲಿಲ್ಲ. ಹುಡುಗ ಬಸ್ ನಿಲ್ದಾಣದ ಕೊಠಡಿಯನ್ನು ಬಿಟ್ಟು, ಹಲಗೆಯನ್ನು ತಾನು ವಾಸವಿರುವ ಬಾಡಿಗೆ ಮನೆಯ ನಡುಮನೆಗೆ ತಂದುಕೊಂಡ. ಕಲ್ಯಾಣ ಮಂಟಪ ಎಲ್ಲಿಯದೋ ಮೊಹರಿನಿಂದ ಎದ್ದು ನಿಂತಿದೆ. ಈಚೆಗೆ ಅಲ್ಲಿ ಒಂದು ಮದುವೆಗೆ ಹೋಗಿದ್ದೆ. ಕಟ್ಟಡ ಲಕ್ಷಣವಾಗಿಯೇ ಇದೆ. ಊಟಕ್ಕೆ ಇಳಿಯುವಾಗ ನಾನು ಮೆಟ್ಟಿಲುಗಳನ್ನು ಎಣಿಸಿದೆ. ಹೋಳಿಗೆಯ ರುಚಿ ನನಗೆ ನೆನಪಿಲ್ಲ.

ಹಿರಿಯರು ಆಮೇಲೆ ಮಾಲೂರಿನಲ್ಲಿ ಒಂದು ಸಣ್ಣ ಮನೆಯ ಕೆಲಸವನ್ನು ಅವನ ಕಡೆಗೆ ಕಳಿಸಿದರು. ಅಲ್ಲಿಯ ಇಟ್ಟಿಗೆಯನ್ನೇ ಗಿಲಾವು ಮಾಡದೆ ಬಿಟ್ಟು, ಪಡುವಣ ಗೋಡೆಗೆ ಜಾಲಂದರ ಇಟ್ಟು ಕಟ್ಟಿಸಿದ್ದಾನೆ. ಮೊದಲ ಕಂತು ಬಂದ ದಿನ ಸಂಘದ ಹಣವನ್ನು ಕಟ್ಟಿ ರಸೀತಿಯನ್ನು ನನಗೆ ತೋರಿಸಿಕೊಂಡು ಹೋದ. ರಸೀತಿಗಳನ್ನು ಕಂಡು ನಾನು ಸಂತೋಷಪಟ್ಟ ದಿನಗಳು ಕಡಿಮೆ.

ಬೆಂಗಳೂರಿನ ಸಭೆಗಳಿಗೆ ಪ್ರತಿ ಸಲ ಹೋಗುವುದು ಅವನಿಗೆ ಆಗದು. ಅದಕ್ಕೆ ಬೇರೊಂದು ಉಪಾಯ ಮಾಡಿಕೊಂಡಿದ್ದಾನೆ. ಆ ಸಭೆಗಳಲ್ಲಿಯೇ ಗುರುತಾದ ನಮ್ಮ ಕಡೆಯವರು ಮೂವರು: ಕೆ.ಜಿ.ಎಫ್.ನವನೊಬ್ಬ, ಮಾಲೂರಿನವನೊಬ್ಬ, ಮುಳಬಾಗಿಲಿನ ಹೆಣ್ಣುಮಗಳೊಬ್ಬಳು. ನಾಲ್ವರೂ ತಿಂಗಳಿಗೊಂದು ಭಾನುವಾರ ಅವನ ನಡುಮನೆಯಲ್ಲಿ ಸೇರುತ್ತಾರೆ. ಒಬ್ಬೊಬ್ಬರೂ ತಾವು ಮಾಡುತ್ತಿರುವ ನಕ್ಷೆಯನ್ನು ಗೋಡೆಗೆ ಅಂಟಿಸಬೇಕು, ಉಳಿದವರು ತಪ್ಪು ಹುಡುಕಬೇಕು. ನಾನು ಒಂದು ದಿನ ಕುಳಿತು ನೋಡಿದೆ. ಹಾಲಿನ ಸಂಘದಲ್ಲಿ ಕೊಬ್ಬು ಅಳೆಯುವಾಗ ಇರುವ ಮೌನವೇ ಅಲ್ಲಿಯೂ ಇತ್ತು. ಕೆ.ಜಿ.ಎಫ್.ನವನ ನಕ್ಷೆಯಲ್ಲಿ ಬಾಗಿಲು ತೆರೆದರೆ ಮಂಚಕ್ಕೆ ತಗಲುತ್ತದೆಂದು ಮುಳಬಾಗಿಲಿನವಳು ತೋರಿಸಿದಳು. ಅವನ ಮುಖ ಸಣ್ಣದಾಯಿತು, ಆದರೆ ಪೆನ್ಸಿಲು ಹೊರಗೆ ಬಂತು.

ಈಗ ನಾಲ್ವರೂ ಸೇರಿ ಗಿರಾಕಿಗಳಿಗೆ ಕೊಡಲು ಒಂದು ಕರಾರು ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದಾರೆ. ಏನೇನು ಕೆಲಸ, ಎಷ್ಟು ಕಂತು, ಎಷ್ಟು ಸಲ ಬಂದು ನೋಡುವುದು, ನಕ್ಷೆ ಯಾರ ಸ್ವತ್ತು, ಇವೆಲ್ಲ ಇಂಗ್ಲಿಷಿನಲ್ಲಿದ್ದರೆ ಗಿರಾಕಿ ಓದದೆ ಸಹಿ ಹಾಕುತ್ತಾನೆ, ಆಮೇಲೆ ಜಗಳವಾಡುತ್ತಾನೆ. ಭಾಷೆ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಲ್ಲವೂ ಮುಗಿಯಿತು, ಮೊದಲನೆಯ ಸಾಲೊಂದು ಉಳಿದಿದೆ. ಆರ್ಕಿಟೆಕ್ಟ್ ಎಂಬುದಕ್ಕೆ ಏನು ಬರೆಯುವುದು? ವಾಸ್ತುಶಿಲ್ಪಿ ಎಂದರೆ ಗಿರಾಕಿ ಕೈಯಲ್ಲಿ ದಿಕ್ಸೂಚಿ ಹಿಡಿದುಕೊಂಡು ಬರುತ್ತಾನೆಂದು ಮಾಲೂರಿನವನ ಆಕ್ಷೇಪ. ಸ್ಥಪತಿ ಎಂದೆ, ದೇವಸ್ಥಾನ ಕಟ್ಟುವವರೆಂದು ತಿಳಿದುಕೊಳ್ಳುತ್ತಾರೆ ಎಂದರು. ಆರ್ಕಿಟೆಕ್ಟ್ ಎಂದೇ ಕನ್ನಡ ಅಕ್ಷರದಲ್ಲಿ ಇಟ್ಟುಬಿಡೋಣವೆಂದು ನನ್ನ ಶಿಷ್ಯ; ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಅದು ಒಪ್ಪಿಗೆಯಾಗಲಿಲ್ಲ. ಹೋದ ಸಭೆಯಲ್ಲಿ ಬಹಳ ಯೋಚಿಸಿ "ಮನೆ ರೂಪಿಸುವವನು" ಎಂದು ಬರೆದು ಮುಂದಿಟ್ಟೆ.

"ರೂಪಿಸುವವನು ಅಂದರೆ ನಾನೆಲ್ಲಿ ಹೋದೆ ಸಾರ್?" ಎಂದಳು ಮುಳಬಾಗಿಲಿನವಳು.

ಮುಂದಿನ ಭಾನುವಾರಕ್ಕೆ ಬೇರೆ ಶಬ್ದವನ್ನು ತರುತ್ತೇನೆಂದು ಹೇಳಿ ಬಂದಿದ್ದೇನೆ. ಇಂದು ಗುರುವಾರ.